ಐದು ದಳದ ಚುಕ್ಕೆ

ಈ ರಾದ್ಧಾಂತಕ್ಕೆಲ್ಲ ಕಾರಣವಾದದ್ದು ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ಕೆಂಪು ಬೆಳಕು. ನಾರ್ಬರ್ಟ್ ಅದನ್ನು ಮೊದಲ ಸಲ ನೋಡಿದ್ದು ಅಕ್ಟೋಬರಿನಲ್ಲಿ, ಹೆಂಡತಿಯ ತಮ್ಮ ಲೈಲ್‌ನ ರೈಫಲ್ಲಿನ ಮೇಲೆ. ರೈಫಲ್ಲಿನ ಬೆನ್ನಿಗೆ ಬಿಗಿದ ಒಂದು ಗಿಡ್ಡ ಕೊಳವೆ, ಅದರೊಳಗೆ ಗಾಜು, ಆ ಗಾಜಿನ ಆಚೆ ಯಾವುದಕ್ಕೂ ಅಂಟಿಕೊಳ್ಳದೆ ಗಾಳಿಯಲ್ಲಿ ತೇಲುವ ಬೆಳಕು. ಅದಕ್ಕೆ ರೆಡ್ ಡಾಟ್ ಎನ್ನುತ್ತಾರೆ. ಅದನ್ನು ಎಲ್ಲಿಟ್ಟರೆ ಗುಂಡು ಅಲ್ಲಿಗೇ ಹೋಗುತ್ತದೆ. ಚೀಸ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ನಾರ್ಬರ್ಟ್ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತ. ಬೆಳಕು ಐದು ದಳ ಬಿಚ್ಚಿಕೊಂಡ ಕೆಂಪು ಹೂವಿನ ಹಾಗಿತ್ತು. ಮೇಲಿನ ದಳ ಮಾತ್ರ ಉಳಿದವಕ್ಕಿಂತ ಉದ್ದ, ತುದಿ ಸೂಜಿಯಷ್ಟು ಚೂಪು. ಮನುಷ್ಯರ ಕೈ ಇಷ್ಟು ಚೆಂದದ್ದನ್ನು ಮಾಡಬಲ್ಲದು ಎಂದು ಅವನು ಅಂದುಕೊಂಡೇ ಇರಲಿಲ್ಲ.

"ಆರ್ನೂರು ಡಾಲರ್," ಎಂದು ಹೇಳಿ ಲೈಲ್ ರೈಫಲ್ಲನ್ನು ವಾಪಸ್ ಇಸಿದುಕೊಂಡ.

ನಾರ್ಬರ್ಟ್‌ಗೆ ಅಂಥದ್ದೊಂದು ಬೇಕೇಬೇಕಾಗಿತ್ತು. ಅದಕ್ಕೆ ಕಾರಣ ಅವನ ಮಾವ ಎಮಿಲ್‌ನ ಕಾಡಿನ ಮನೆಯ ಗೋಡೆ. ಉತ್ತರ ವಿಸ್ಕಾನ್ಸಿನ್‌ನ ನಮ್ಮ ಕಡೆ, ನವೆಂಬರಿನ ಜಿಂಕೆ ಬೇಟೆಯಲ್ಲಿ ಯಾರಾದರೂ ಗುರಿ ತಪ್ಪಿದರೆ, ಅವನ ಅಂಗಿಯ ಹಿಂದೆ ಇಳಿಬಿದ್ದ ಅಂಚನ್ನು, ಅಂದರೆ ಬಾಲವನ್ನು, ಕತ್ತರಿಸಿ, ಹೆಸರು ಇಸವಿ ಬರೆದು ಗೋಡೆಗೆ ಮೊಳೆ ಹೊಡೆಯುತ್ತಾರೆ. ಎಮಿಲ್‌ನ ಗೋಡೆಯ ಮೇಲೆ ನಾರ್ಬರ್ಟ್‌ನ ಬಾಲಗಳೇ ಐದಿದ್ದವು. ಆರನೆಯದು ಬಿದ್ದವನು ಏಪ್ರನ್ ಕಟ್ಟಿಕೊಂಡು ಕಾಯಂ ಅಡುಗೆಯವನಾಗಬೇಕು, ಬೇಟೆಗೆ ಕಾದು ಕೂರುವ ಅವನ ಅಟ್ಟಣೆ ಬೇರೆಯವರಿಗೆ ಹೋಗುತ್ತದೆ ಎಂಬುದು ಅಲ್ಲಿಯ ಕಟ್ಟಳೆ. ನಾರ್ಬರ್ಟ್‌ನ ಅಟ್ಟಣೆಯನ್ನು ಮುದಿ ಪೈನ್ ಮರದ ಮೇಲೆ ಕಟ್ಟಿದವನು ಅವನ ಅಪ್ಪ. ಅಪ್ಪ ಬದುಕಿದ್ದ ಕೊನೆಯ ನವೆಂಬರಿನಲ್ಲಿ ಇಬ್ಬರೂ ಅದರ ಮೇಲೆ ಕೂತು ಒಂದೇ ಫ್ಲಾಸ್ಕಿನ ಕಾಫಿ ಕುಡಿದಿದ್ದರು. ಲೈಲ್ ಆ ಮರವನ್ನು ನೋಡುವಾಗೆಲ್ಲ ಅವನ ಕಣ್ಣಿನಲ್ಲಿ ಅಳತೆ ಟೇಪು ಕಾಣುತ್ತಿತ್ತು.

ಬೇಟೆ ಶುರುವಾಗುವುದು ಶನಿವಾರ. ಶುಕ್ರವಾರ ಬೆಳಿಗ್ಗೆ ನಾರ್ಬರ್ಟ್ ಹೊರಟು ನಿಂತಾಗ ಹೆಂಡತಿ ಲವೋನ್ ಅವನ ಮಫ್ಲರ್ ಸರಿ ಮಾಡಿದಳು.

"ನೂರೈವತ್ತು. ಅದರ ಮೇಲೆ ಹೋದ್ರೆ ಆ ಅಟ್ಟಣೆ ಮೇಲೇ ಹಾಸಿಗೆ ಹಾಕ್ಕೋಬೇಕಾಗುತ್ತೆ. ಇನ್ನೊಂದು ವಿಷಯ, ಬಾಳಿಕೆ ಬರೋದು ತಗೊಳ್ಳಿ. ನಿಮ್ಮ ಕೈಗೆ ಸಿಕ್ಕಿದ ವಸ್ತು ಎಲ್ಲಾ ಎರಡು ಸಲವಾದ್ರೂ ಕೆಳಗೆ ಬೀಳುತ್ತೆ."

ವರ್ನ್‌ನ ಕೋವಿ ಅಂಗಡಿಯಲ್ಲಿ ಆ ದಿನ ಅರ್ಧ ಊರು ಸೇರಿತ್ತು. ಕೊಳ್ಳುವವರು ನಾಲ್ಕು ಜನ, ಬುದ್ಧಿ ಹೇಳುವವರು ಇಪ್ಪತ್ತು. ವರ್ನ್ ಗಾಜಿನ ಕಪಾಟಿನ ಮೇಲೆ ಎರಡು ರೆಡ್ ಡಾಟ್ ಇಟ್ಟ. ಒಂದಕ್ಕೆ ಎಂಬತ್ತು ಡಾಲರ್, ಇನ್ನೊಂದಕ್ಕೆ ನೂರನಲವತ್ತು. ನಾರ್ಬರ್ಟ್ ಮೊದಲನೆಯದನ್ನು ಕಣ್ಣಿಗೆ ಹಿಡಿದು ಉಸಿರು ಬಿಗಿಹಿಡಿದ. ಐದು ದಳ. ಎರಡನೆಯದನ್ನು ಹಿಡಿದ. ಅದರಲ್ಲೂ ಐದೇ. ಲೈಲ್ ಆರುನೂರು ಕೊಟ್ಟು ಕಂಡದ್ದನ್ನು ತಾನು ಎಂಬತ್ತಕ್ಕೆ ಕಾಣುತ್ತಿದ್ದೇನೆ ಎಂದು ಅವನಿಗೆ ಮೈ ಜುಮ್ಮೆಂದಿತು.

"ಕಾಣ್ತಾ?" ಎಂದ ವರ್ನ್.

"ಕಣ್ತುಂಬ ಕಾಣ್ತು, ಮಾರಾಯ. ಎಂಬತ್ತರದ್ದೇ ಕಟ್ಟಿಕೊಡು."

"ಸ್ವಲ್ಪ ತಡಿ," ಎಂದು ನಡುವೆ ಬಾಯಿ ಹಾಕಿದವನು ಹಾಲಿನ ಲಾರಿಯ ಆರ್ಲಿನ್. "ಕಂಡರೆ ಆಗ್ಲಿಲ್ಲ, ತಡ್ಕೋಬೇಕು. ಮದುವೆ ಥರ ಇದು." ಹೇಳುತ್ತಲೇ ಎಂಬತ್ತರದ್ದನ್ನು ಎದೆಯ ಮಟ್ಟದಿಂದ ನೆಲಕ್ಕೆ ಬಿಟ್ಟ. ಬೆಳಕು ಒಮ್ಮೆ ಕಣ್ಣು ಮಿಟುಕಿಸಿ ಆರಿಹೋಯಿತು.

"ಅದು ತೋರಿಸೋಕೆ ಇಟ್ಟಿದ್ದ ಮಾಲು ಕಣೋ," ಎಂದ ವರ್ನ್ ಬೇಸರದಿಂದ.

"ತೋರಿಸ್ತಲ್ಲ," ಎಂದ ಆರ್ಲಿನ್.

ನೂರನಲವತ್ತರದ್ದನ್ನು ಮೂರು ಸಲ ಬೀಳಿಸಿದರು. ಏನೂ ಆಗಲಿಲ್ಲ. ಮೀನಿನ ಗಾಳಕ್ಕೆ ಎರೆಹುಳು ಮಾರುವ ಗ್ಲಾಡಿಸ್ ಮುದುಕಿ ಅದನ್ನು ತನ್ನ ನೀರಿನ ಬಕೆಟ್ಟಿಗೆ ಹಾಕಿ ಅರ್ಧ ಗಂಟೆ ಕಾವಲು ಕೂತಳು. ಆಮೇಲೆ ಅದನ್ನು ವರ್ನ್‌ನ ಫ್ರೀಜರಿನಲ್ಲಿ ಸಾಸೇಜುಗಳ ನಡುವೆ ಮಲಗಿಸಿದರು. ತೆಗೆದಾಗ ಮೈಯೆಲ್ಲ ಮಂಜುಗಟ್ಟಿತ್ತು. ನಾರ್ಬರ್ಟ್ ಗಾಜು ಒರೆಸಿ ಕಣ್ಣಿಟ್ಟರೆ, ಒಳಗೆ ಐದೂ ದಳ ಅರಳಿಕೊಂಡೇ ಇದ್ದವು.

"ಬ್ಯಾಟರಿ ಐವತ್ತು ಸಾವಿರ ಗಂಟೆ ಬರುತ್ತೆ," ಎಂದ ವರ್ನ್.

ಐದು ವರ್ಷಕ್ಕೂ ಮಿಗಿಲಾಯಿತು ಎಂದು ಯಾರೋ ಲೆಕ್ಕ ಹಾಕಿದರು. "ಅಷ್ಟರಲ್ಲಿ ನಾನೇ ಇರಲ್ಲ," ಎಂದಳು ಗ್ಲಾಡಿಸ್. ಅವಳ ದನಿಯಲ್ಲಿ ದುಃಖವಿರಲಿಲ್ಲ, ಆ ಪುಟ್ಟ ಕೊಳವೆಯ ಮೇಲೆ ಗೌರವವಿತ್ತು.

ನಾರ್ಬರ್ಟ್ ಅದನ್ನು ಕೊಂಡ. ಕೊಂಡ ಸಂತೋಷದಲ್ಲಿ ಎಲ್ಲರ ಕೈ ಕುಲುಕಿದ. ಬಾಗಿಲು ತೆಗೆಯಲು ಕೈ ಬೇಕೆಂದು ಅದನ್ನು ತನ್ನ ಪಿಕಪ್ ಗಾಡಿಯ ತಲೆಯ ಮೇಲಿಟ್ಟ, ಗಾಡಿ ಹತ್ತಿ ಹೊರಟೇಬಿಟ್ಟ. ಕಾರ್ಖಾನೆಯ ತಿರುವಿನಲ್ಲಿ ಹಿಂದಿನಿಂದ ಆರ್ಲಿನ್ ಲಾರಿಯ ಹಾರನ್ ಒತ್ತಿಹಿಡಿದ. ನಾರ್ಬರ್ಟ್ ಇಳಿದು ನೋಡುವಷ್ಟರಲ್ಲಿ ಅವನ ರೆಡ್ ಡಾಟ್ ರಸ್ತೆಯ ನಡುವೆ ಬಿದ್ದಿತ್ತು, ಎದುರಿನಿಂದ ಪಂಚಾಯ್ತಿಯ ಹಿಮ ತಳ್ಳುವ ಗಾಡಿ ಬರುತ್ತಿತ್ತು. ಕೂಗಿದ್ದು ಕೇಳಿಸಲಿಲ್ಲ. ಅಗಲವಾದ ಕಬ್ಬಿಣದ ಹಲಗೆ ರಸ್ತೆಯ ಹಿಮದೊಂದಿಗೆ ನೂರನಲವತ್ತು ಡಾಲರನ್ನೂ ಎತ್ತಿ ಚರಂಡಿಗೆ ಎಸೆದು ಮುಂದೆ ಹೋಯಿತು.

ಅಂಗಡಿಯಿಂದ ಜನ ಓಡಿಬಂದರು. ಸಲಿಕೆ ಬಂತು, ಪೊರಕೆ ಬಂತು. ಗ್ಲಾಡಿಸ್ ಟೀ ಸೋಸುವ ಜಾಲರಿ ತಂದಳು. ಒಂದು ಗಂಟೆಯ ಕಾಲ ಚರಂಡಿಯ ಹಿಮವನ್ನೆಲ್ಲ ಬಗೆದರು. ನಾರ್ಬರ್ಟ್ ಮೊಣಕಾಲೂರಿ ಬರಿಗೈಯಲ್ಲಿ ಕೆದಕುತ್ತ, ಏಪ್ರನ್ನು ತನಗೆ ಹೇಗೆ ಕಾಣಬಹುದೆಂದು ಯೋಚಿಸುತ್ತಿದ್ದ.

"ಸಿಕ್ತು," ಎಂದ ಆರ್ಲಿನ್.

ಒಂದು ಬದಿ ಬಣ್ಣ ಕೆರೆದುಹೋಗಿತ್ತು. ನಾರ್ಬರ್ಟ್ ಅದನ್ನು ಕಣ್ಣಿಗೆ ಹಿಡಿದ. ಚಕ್ರ, ಹಲಗೆ, ಹಿಮ, ಚರಂಡಿ ಎಲ್ಲ ದಾಟಿ ಬಂದ ಬೆಳಕು ಏನೂ ನಡೆದಿಲ್ಲವೆಂಬಂತೆ ತೇಲುತ್ತಿತ್ತು. ಅವನ ಕಣ್ಣಲ್ಲಿ ನೀರು ಬಂತು. ಸುತ್ತ ನಿಂತ ಗಂಡಸರಲ್ಲಿ ಇಬ್ಬರು ಟೋಪಿ ತೆಗೆದರು.

ಗಂಟೆ ಮೂರಾಗಿತ್ತು. ವರ್ನ್‌ನ ಅಂಗಡಿಯ ಹಿಂದಿನ ಬಯಲಿನಲ್ಲಿ ರೈಫಲ್ಲಿಗೆ ಅದನ್ನು ಬಿಗಿದು ಹೊಂದಿಸುವ ಕೆಲಸ ಬಾಕಿಯಿತ್ತು. ಬೆಳಕು ಇದ್ದಲ್ಲಿಗೇ ಗುಂಡು ಬೀಳುವ ಹಾಗೆ ಪಕ್ಕದ ತಿರುಪುಗಳನ್ನು ತಿರುಗಿಸಬೇಕು.

"ಚುಕ್ಕೆನ ಕಾಗದದ ನಟ್ಟನಡುವೆ ಇಟ್ಟು ಹೊಡಿ," ಎಂದ ವರ್ನ್.

ಐದು ದಳದ ಹೂವಿನಲ್ಲಿ ಚುಕ್ಕೆ ಯಾವುದೆಂದು ನಾರ್ಬರ್ಟ್‌ಗೆ ಗೊತ್ತಾಗಲಿಲ್ಲ. ಕೇಳಿದರೆ ತನಗೆ ಏನೂ ತಿಳಿಯದು ಎಂದಾಗುತ್ತದೆ. ಮೇಲಿನ ಉದ್ದ ದಳದ ತುದಿ ಸೂಜಿಯಂತಿದೆಯಲ್ಲ, ಅದನ್ನು ಮಾಡಿದವನು ಸುಮ್ಮನೆ ಮಾಡಿರಲಾರ ಎಂದುಕೊಂಡು ಆ ತುದಿಯನ್ನೇ ನಡುವೆ ಇಟ್ಟ. ಗುಂಡು ಎಲ್ಲೋ ಬಿತ್ತು. ವರ್ನ್ ತಿರುಪು ತಿರುಗಿಸಿದ. ಇನ್ನೊಂದು ಹೊಡೆದ, ಮತ್ತೆ ತಿರುಗಿಸಿದ. ನಾಲ್ಕನೆಯ ಸಲಕ್ಕೆ ಕೂಡಿಬಂತು. ಆಮೇಲೆ ಹೊಡೆದ ಮೂರು ಗುಂಡುಗಳೂ ನಟ್ಟನಡುವೆ, ಒಂದು ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು.

ವರ್ನ್ ಕಾಗದವನ್ನು ಬಿಡಿಸಿಕೊಂಡು ಬಂದು ಬೆಳಕಿಗೆ ಹಿಡಿದ. "ನೀನೇ ಹೊಡೆದಿದ್ದಾ?" ಎಂದ. ಅದನ್ನು ನಾರ್ಬರ್ಟ್‌ಗೆ ಕೊಡದೆ ಅಂಗಡಿಯ ಗೋಡೆಗೇ ಅಂಟಿಸಿದ.

ಸಂಜೆ ಐದಕ್ಕೆ ಊರಿನ ಊಟದ ಮನೆಯಲ್ಲಿ ಶುಕ್ರವಾರದ ಹುರಿದ ಮೀನು. ಒಂದು ಮೇಜಿಗೆ ನಾರ್ಬರ್ಟ್, ಲವೋನ್, ಎಮಿಲ್ ಮಾವ, ಲೈಲ್. ನಾರ್ಬರ್ಟ್ ಮೀನು ತಣ್ಣಗಾಗಲು ಬಿಟ್ಟು ದಿನದ ಕತೆಯೆಲ್ಲ ಹೇಳಿದ.

"ನಿಂದೂ ಅದೇ, ನಂದೂ ಅದೇ ಲೈಲ್. ಐದು ದಳ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ."

"ಯಾವ ದಳ?" ಎಂದ ಲೈಲ್.

"ಹೂವಿಂದು. ಬೆಳಕಿಂದು."

"ಅದು ದುಂಡಗೆ ಇರೋ ಚುಕ್ಕೆ ಕಣಯ್ಯ ಭಾವ. ಚುಕ್ಕೆ ಅಂತ ಹೆಸರೇ ಇದೆಯಲ್ಲ."

ಪಕ್ಕದ ಮೇಜಿನಲ್ಲಿ ಮೀನಿನ ಮುಳ್ಳು ಬಿಡಿಸುತ್ತಿದ್ದ ಕಣ್ಣಿನ ಡಾಕ್ಟರ್ ಸಿಗ್ರಿಡ್ ತಿರುಗಿದಳು. ಅವಳೂ ಬೇಟೆಯವಳೇ, ಆಗಲೇ ಕಿತ್ತಳೆ ಬಣ್ಣದ ಬೇಟೆಯ ಜಾಕೆಟ್ ತೊಟ್ಟಿದ್ದಳು.

"ಬೀದಿ ದೀಪ ಹೇಗೆ ಕಾಣುತ್ತೆ ನಿನಗೆ, ನಾರ್ಬರ್ಟ್?"

"ಎಲ್ಲರಿಗೂ ಕಾಣೋ ಹಾಗೆ. ಮುಳ್ಳು ಮುಳ್ಳಾಗಿ."

"ಏಳು," ಎಂದಳು ಡಾಕ್ಟರ್. "ಆಸ್ಪತ್ರೆ ಎದುರಿಗೇ ಇದೆ. ಕೋವಿ ಖಾಲಿ ಮಾಡ್ಕೊಂಡು ತಗೊಂಡು ಬಾ."

ಪರೀಕ್ಷೆಗೆ ಹಾಕುವ ದಪ್ಪ ಲೋಹದ ದುಂಡು ಚೌಕಟ್ಟನ್ನು ಅವನ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಹಾಕಿ ತೆಗೆದು ನೋಡಿದಳು. "ನಿನ್ನ ಕಣ್ಣು ಚೆಂಡಿನ ಹಾಗಿಲ್ಲ, ಮೊಟ್ಟೆ ಹಾಗಿದೆ. ಅದಕ್ಕೇ ಬೆಳಕೆಲ್ಲ ಒಡೆದುಹೋಗಿದೆ. ಈಗ ನೋಡು."

ನಾರ್ಬರ್ಟ್ ರೈಫಲ್ ಎತ್ತಿದ. ಹೂವು ಇರಲಿಲ್ಲ. ಅದರ ಜಾಗದಲ್ಲಿ ಪುಟ್ಟದೊಂದು ಶುದ್ಧ ದುಂಡು ಕೆಂಪು ಚುಕ್ಕೆ ಇತ್ತು. ಕಿಟಕಿಯ ಹೊರಗೆ ನೋಡಿದ. ಬೀದಿಯ ದೀಪಗಳಿಗೆ ಮುಳ್ಳಿಲ್ಲ. ಊಟದ ಮನೆಯ ಮೇಲೆ, ಸಂಜೆಯ ಮೊದಲ ನಕ್ಷತ್ರ ಬರಿಯ ಬಿಂದುವಾಗಿ ನಿಂತಿತ್ತು. ಐವತ್ತೆರಡು ವರ್ಷ ಆಕಾಶ ಹೀಗಿತ್ತು, ತನಗೊಬ್ಬರೂ ಹೇಳಲಿಲ್ಲ ಎಂದುಕೊಂಡ.

"ಡಾಕ್ಟ್ರೇ, ನಾನು ಐದು ಸಲ ತಪ್ಪಿದ್ದು ಇದಕ್ಕೇನಾ?"

"ಮತ್ತಿನ್ನೇನು? ಹೊಸ ಕನ್ನಡಕ ಬರೋಕೆ ವಾರ ಆಗುತ್ತೆ, ಅಲ್ಲಿ ತನಕ ಇದನ್ನೇ ಹಾಕ್ಕೊಂಡಿರು. ನಾಳೆ ನೀನು ತಪ್ಪಿದ್ರೆ ನನ್ನ ಬೋರ್ಡು ಇಳಿಸಿಬಿಡ್ತೀನಿ."

ಊಟದ ಮನೆಗೆ ಮರಳಿ ವಿಷಯ ಹೇಳಿದಾಗ ಎಮಿಲ್ ಅಳಿಯನ ಬೆನ್ನು ತಟ್ಟಿದ. ಲವೋನ್ ಅವನ ಕೆನ್ನೆಗೆ ಮುತ್ತಿಟ್ಟಳು. ಆ ಚೌಕಟ್ಟಿನಲ್ಲಿ ಅವನು ಗಡಿಯಾರ ರಿಪೇರಿ ಮಾಡುವ ಗೂಬೆಯಂತೆ ಕಾಣುತ್ತಿದ್ದರೂ ಯಾರೂ ನಗಲಿಲ್ಲ. ಲೈಲ್ ಮಾತ್ರ ಮೀನಿನ ತಟ್ಟೆ ಸರಿಸಿ ಎದ್ದುಹೋದ.

ಶನಿವಾರ ಬೆಳಕು ಹರಿಯುವಾಗ ನಾರ್ಬರ್ಟ್ ಅಪ್ಪನ ಅಟ್ಟಣೆಯ ಮೇಲಿದ್ದ. ಪೈನ್ ಮರದ ಒಂದೊಂದು ಸೂಜಿ ಎಲೆಯೂ ಬೇರೆ ಬೇರೆಯಾಗಿ ಕಾಣುವ ಸಂಭ್ರಮದಲ್ಲಿ ಅವನಿಗೆ ಚಳಿಯೇ ಗೊತ್ತಾಗಲಿಲ್ಲ. ಏಳು ಗಂಟೆಗೆ ಬರ್ಚ್ ಮರಗಳ ನಡುವಿನಿಂದ ಒಂದು ಗಂಡು ಜಿಂಕೆ ಹೊರಗೆ ಬಂತು. ಕೊಂಬಿಗೆ ಹತ್ತು ಕವಲು, ಕವಲಿಗೆಲ್ಲ ಹಿಮದ ಪುಡಿ. ಅದು ಉಸಿರು ಬಿಟ್ಟಾಗ ಬಿಳಿಯ ಆವಿ ಎದ್ದು ಅದರ ಕಣ್ಣಿನ ಮುಂದೆಯೇ ಕರಗಿತು. ಇಂಥದ್ದನ್ನು ಎಮಿಲ್ ಕೂಡ ನೋಡಿರಲಿಕ್ಕಿಲ್ಲ. ಎಂಬತ್ತು ಹೆಜ್ಜೆ ದೂರದಲ್ಲಿ ಅದು ಪಕ್ಕಕ್ಕೆ ತಿರುಗಿ ನಿಂತಿತು.

ನಾರ್ಬರ್ಟ್ ರೈಫಲ್ ಎತ್ತಿದ. ದುಂಡು ಕೆಂಪು ಚುಕ್ಕೆ ಅದರ ಭುಜದ ಮೇಲೆ ಹೋಗಿ ಕೂತಿತು, ಅಲುಗಾಡಲಿಲ್ಲ. ಅವನು ಬದುಕಿನಲ್ಲಿ ಅಷ್ಟು ಖಚಿತವಾಗಿ ಏನನ್ನೂ ಕಂಡಿರಲಿಲ್ಲ. ರೈಫಲ್ಲಿನ ಕುದುರೆಯನ್ನು ಮೆಲ್ಲಗೆ ಎಳೆದ.

ಜಿಂಕೆಯ ಬೆನ್ನಿನಿಂದ ಒಂದು ಗೇಣು ಮೇಲೆ, ಹಿಂದಿನ ಬರ್ಚ್ ಮರದ ತೊಗಟೆ ಹಾರಿತು. ಜಿಂಕೆ ಒಮ್ಮೆ ಮರವನ್ನು ನೋಡಿತು, ಒಮ್ಮೆ ನಾರ್ಬರ್ಟ್‌ನನ್ನು ನೋಡಿತು, ಆಮೇಲೆ ನಡೆದುಕೊಂಡೇ ಹೋಯಿತು.

ಮಧ್ಯಾಹ್ನ ಕಾಡಿನ ಮನೆಯಲ್ಲಿ ಎಮಿಲ್ ಮುಖ ಗಂಟಿಕ್ಕಿಕೊಂಡು ಕತ್ತರಿ ಹಿಡಿದ. ಚೌಕಳಿ ಅಂಗಿಯ ಬಾಲ ಕತ್ತರಿಸುವ ಸದ್ದು ಎಲ್ಲರಿಗೂ ಕೇಳಿಸಿತು. ಲೈಲ್ ಮೊಳೆ ಕೊಟ್ಟ, ಸುತ್ತಿಗೆ ಕೊಟ್ಟ, ಏಪ್ರನ್ನನ್ನೂ ತಾನೇ ತಂದು ಕೊಟ್ಟ.

"ಮರ ನೋಡ್ಕೊಂಡು ಬಂದೆ ಭಾವ," ಎಂದ. "ಅಡ್ಡಡ್ಡ ಎಳ್ಳಷ್ಟೂ ತಪ್ಪಿಲ್ಲ. ಬರೀ ಮೇಲೆ ಹೋಗಿದೆ, ಒಂದು ಗೇಣು."

ಏಪ್ರನ್ನಿನ ದಾರ ಕಟ್ಟಿಕೊಳ್ಳುತ್ತಿದ್ದ ನಾರ್ಬರ್ಟ್‌ನ ಕೈ ನಿಂತಿತು. ಮೇಲಕ್ಕೆ ಒಂದು ಗೇಣು. ಅಷ್ಟು ದೂರಕ್ಕೆ ಆ ಉದ್ದ ದಳವೂ ಹೆಚ್ಚುಕಡಿಮೆ ಅಷ್ಟೇ ಕಾಣುತ್ತಿತ್ತು. ನಿನ್ನೆ ವರ್ನ್ ತಿರುಪು ತಿರುಗಿಸಿ ಹೊಂದಿಸಿದ್ದು ಚುಕ್ಕೆಗಲ್ಲ, ಆ ದಳದ ತುದಿಗೆ.

ಅವನು ರೈಫಲ್ ತೆಗೆದುಕೊಂಡು ಹೊರಗೆ ನಡೆದ. ಉಳಿದವರು ಅವನ ಹಿಂದೆ ಬಂದರು. ಮಣ್ಣಿನ ದಿಣ್ಣೆಯ ಮುಂದಿನ ಬೇಲಿಗೂಟಗಳ ಮೇಲೆ ಬೀನ್ಸಿನ ಮೂರು ಖಾಲಿ ಡಬ್ಬಿ ಇಟ್ಟು, ಎಂಬತ್ತು ಹೆಜ್ಜೆ ಎಣಿಸಿಕೊಂಡು ಬಂದ. ಲೋಹದ ಚೌಕಟ್ಟನ್ನು ಮೂಗಿನಿಂದ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿದ. ಐದು ದಳದ ಹೂವು ಮತ್ತೆ ಅರಳಿತು. ಮೇಲಿನ ದಳದ ತುದಿಯನ್ನು ಮೊದಲ ಡಬ್ಬಿಯ ಮೇಲಿಟ್ಟ. ಡಬ್ಬಿ ಹಾರಿತು. ಎರಡನೆಯದು ಹಾರಿತು. ಮೂರನೆಯದೂ ಹಾರಿತು.

ಲೈಲ್ ಬೇಲಿಗೂಟಗಳನ್ನೇ ನೋಡುತ್ತಿದ್ದ. ಎಮಿಲ್ ನಿಧಾನವಾಗಿ ನಡೆದುಹೋಗಿ ಮೂರು ಡಬ್ಬಿಗಳನ್ನೂ ಹೆಕ್ಕಿ ತಂದ. ಮೂರಕ್ಕೂ ನಟ್ಟನಡುವೆ ತೂತು ಬಿದ್ದಿತ್ತು. ಮುದುಕ ಅವನ್ನು ಎದೆಗೆ ಒತ್ತಿಕೊಂಡು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಎಪ್ಪತ್ತು ವರ್ಷದಿಂದ ಕಾಡಲ್ಲಿದ್ದೀನಿ ನಾರ್ಬರ್ಟ್," ಎಂದ. "ಇಂಥ ಗುರಿ ನಾನು ಕಂಡಿಲ್ಲ. ನಮ್ಮಪ್ಪನೂ ಕಂಡಿರ್ಲಿಕ್ಕಿಲ್ಲ."

"ಹಾಗಾದ್ರೆ ಮಾವ, ಅಟ್ಟಣೆ?"

"ಕಟ್ಟಳೆ ಕಟ್ಟಳೆಯೇ," ಎಂದ ಎಮಿಲ್. ಕಣ್ಣೊರೆಸಿಕೊಂಡು ಬಾಗಿಲ ಕಡೆ ತಿರುಗಿದ. "ಒಳಗೆ ಹೋಗಿ ಈರುಳ್ಳಿ ಹೆಚ್ಚು. ಕನ್ನಡಕ ಮಾತ್ರ ಹಾಕ್ಕೊಂಡು ಹೆಚ್ಚು, ಬೆರಳು ಹತ್ತೇ ಇರೋದು."