ಪಾದ್ರಿಯ ಜೇಬಿನ ಎಣ್ಣೆ

ನಾನು ಪಾದ್ರಿ. ಇರುವುದು ಚಿಕ್ಕೋಡಿಯಲ್ಲಿ, ನಿಪ್ಪಾಣಿಯಿಂದ ಕಾಗವಾಡದವರೆಗೆ ಅಲ್ಲೊಂದು ಇಲ್ಲೊಂದು ಇರುವ ನಮ್ಮ ಕ್ಯಾಥೋಲಿಕ್ ಮನೆಗಳಿಗೆ ಬೈಕಿನ ಮೇಲೆ ಓಡಾಟ. ಜಡ್ಡಾದವರ ಹಣೆಗೆ, ಅಂಗೈಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವುದು ನನ್ನ ಕೆಲಸ. ಗುಣವಾಗಲಿ, ಧೈರ್ಯ ಬರಲಿ ಅಂತ ಹಚ್ಚುವ ಎಣ್ಣೆ ಅದು. ಜನ ಅದನ್ನು ಸಾವಿನ ಸಮನ್ಸು ಎಂದೇ ತಿಳಿದಿದ್ದಾರೆ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ, ನಾನು ಹಲ್ಲು ಕಡಿದುಕೊಂಡು ನಗುತ್ತಲೇ ಇರುತ್ತೇನೆ.

೧. ಪೆಂಡಾಲು

ನಿಪ್ಪಾಣಿಯ ನಿವೃತ್ತ ಮಾಸ್ತರರೊಬ್ಬರಿಗೆ ನ್ಯುಮೋನಿಯಾ. ಎಣ್ಣೆ ಹಚ್ಚಿ ಹೊರಗೆ ಬಂದರೆ ಅಂಗಳದಲ್ಲಿ ಪಕ್ಕದ ಮನೆಯವರು ಪೆಂಡಾಲಿಗೆ ಗೂಟ ಹೊಡೆಯುತ್ತಿದ್ದಾರೆ!

"ಇದ್ಯಾಕ್ರಿ?" ಎಂದೆ.

"ನೀವು ಬಂದೀರಲ್ರಿ ಫಾದರ್!"

"ಮಾಸ್ತರ್ರು ಇನ್ನೂ ಜೀವಂತ ಅದಾರ" ಎಂದು ರೇಗಿದೆ.

ಒಳಗಿನಿಂದ ಮಾಸ್ತರರೇ ಕೂಗಿದರು: "ಇರ್ಲಿ, ಹಾಕಸ್ರಿ ಫಾದರ್. ಬಿಸಲು ಭಾಳ ಐತಿ!"

೨. ಎಮ್ಮೆ

ಕರೋಶಿಯಲ್ಲಿ ನಮ್ಮ ಅಜ್ಜಿಯೊಬ್ಬಳು ಎಣ್ಣೆ ಹಚ್ಚಿದ ವಾರದಲ್ಲಿ ಎದ್ದು ಓಡಾಡಿದಳು. ಅದನ್ನು ನೋಡಿದ ಪಕ್ಕದ ಮನೆಯ ರೈತ ನನ್ನ ಬೈಕಿಗೆ ಅಡ್ಡ ನಿಂತ. ಅವನು ನಮ್ಮ ಧರ್ಮದವನಲ್ಲ.

"ನಮ್ಮ ಎಮ್ಮಿ ಮೇವು ಬಿಟ್ಟೈತ್ರಿ. ಅದಕ್ಕೂ ಚೂರು ಹಚ್ರಿ."

ಎಮ್ಮೆಗೆ ಈ ಎಣ್ಣೆ ಹಚ್ಚುವಂತಿಲ್ಲ ಎಂದು ತಿಳಿಸಿ, ಸುಮ್ಮನೆ ಒಂದು ಪ್ರಾರ್ಥನೆ ಹೇಳಿದೆ. ಸಂಜೆಗೆ ಎಮ್ಮೆ ಮೇವು ತಿಂದಿತು. ಈಗ ಆ ಊರಲ್ಲಿ ಎಮ್ಮೆಗೆ ಜಡ್ಡಾದರೆ ಮೊದಲ ದಿನವೇ ನನಗೆ ಫೋನು. ನಮ್ಮ ಮಂದಿಗೆ ಜಡ್ಡಾದರೆ ಕಡೇ ದಿನ.

೩. ಚಹಾ

ಬೋರಗಾಂವದಲ್ಲಿ ಪವರ್‌ಲೂಮ್ ನಡೆಸುವವರ ಮನೆಯ ಮುದುಕಿ ನನ್ನಿಂದ ಮಾತು ತೆಗೆದುಕೊಂಡಿದ್ದಳು: "ನಾ ಹಾಸಿಗಿ ಹಿಡದ್ರ ಲಗೂನ ಬರ್ರಿ ಫಾದರ್. ಎಣ್ಣಿ ಹಚ್ಚೂ ಮುಂದ ಆಮೆನ್ ನಾನ ಅನ್ಬೇಕು."

ಹಾಸಿಗೆ ಹಿಡಿದಳೆಂದು ತಿಳಿದು ಮಗನಿಗೆ ಫೋನು ಮಾಡಿದೆ.

"ಈಗ ಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಅವ್ವ ಅಂಜ್ತಾಳ."

"ಬಾ ಅಂದಾಕಿ ನಿಮ್ಮವ್ವನ ಅಲ್ಲೇನಪಾ!" ಎಂದೆ. ಫೋನು ಕಟ್ಟಾಯಿತು.

ತಡೆಯಲಾರದೆ ಮೂರನೇ ದಿನ ಹೋದೆ. ಮಗ ನನ್ನನ್ನು ಪಡಸಾಲೆಯಲ್ಲೇ ಕೂರಿಸಿ ಚಹಾ ಕೊಟ್ಟ. ಒಳಗಿನಿಂದ ಮುದುಕಿಯ ದನಿ ಬಂತು: "ಯಾರ್ ಬಂದಾರೋ?"

"ಮಗ್ಗಾ ರಿಪೇರಿ ಮಾಡಾವ ಬೇ" ಎಂದ ಮಗ.

ಎದ್ದು ಒಳಗೆ ನುಗ್ಗಬೇಕಿತ್ತು. ಮಂದಿಯ ಮನೆ, ಜಗಳ ಬೇಡ ಅಂತ ಚಹಾ ಕುಡಿದು ಬಂದೆ. ಅದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟಿದೆ.

ಎರಡು ದಿನ ಬಿಟ್ಟು ಮಗನೇ ಫೋನು ಮಾಡಿದ: "ಲಗೂನ ಬರ್ರಿ!" ಹೋಗುವಷ್ಟರಲ್ಲಿ ಮುದುಕಿಯ ಮೈ ತಣ್ಣಗಾಗಿತ್ತು, ಗದ್ದಕ್ಕೆ ಬಟ್ಟೆ ಕಟ್ಟಿದ್ದರು. ಸತ್ತವರಿಗೆ ಈ ಎಣ್ಣೆ ಹಚ್ಚುವಂತಿಲ್ಲ. ಎಣ್ಣೆಯನ್ನು ಜೇಬಿನಲ್ಲೇ ಬಿಟ್ಟು ಬಾಗಿಲಲ್ಲಿ ನಿಂತೆ.

ಮಗ ಕಣ್ಣೊರೆಸಿಕೊಂಡು ನನಗೆ ದಾರಿ ಬಿಟ್ಟ.

"ಈಗ ಹಚ್ರಿ ಫಾದರ್. ಇನ್ನ ಅವ್ವ ಅಂಜಂಗಿಲ್ಲ."