ಖಡ್ಗಸಿಂಹನ ದೂರು

ಹೆಂಡತಿಯ ಮೇಲೆ ಗಂಡ ದೂರು ಹೇಳುವುದು ಹೊಸದೇನಲ್ಲ. ಕೆಲವರು ಅಕ್ಕನ ಹತ್ತಿರ ಹೇಳುತ್ತಾರೆ, ಕೆಲವರು ಆಫೀಸಿನ ಕಾಫಿ ಮೆಷಿನ್ನಿನ ಪಕ್ಕ ನಿಂತು ಹೇಳುತ್ತಾರೆ. ನಾನು ಮಾತ್ರ ನನ್ನ ದೂರನ್ನು ಲಿಖಿತವಾಗಿ, ಇಂಗ್ಲಿಷಿನಲ್ಲಿ, ಮೂರು ಪ್ಯಾರಾ ಮಾಡಿ, ಸಾವಿರಾರು ಅಪರಿಚಿತರು ಓದುವ ಕಡೆ ಅಂಟಿಸಿದೆ. ಅದು ನಿಜವಾಗಿ ಫಲಿಸಿಯೂ ಬಿಟ್ಟಿತು. ದೂರು ಫಲಿಸುವುದಕ್ಕಿಂತ ದೊಡ್ಡ ಶಿಕ್ಷೆ ದೂರುಗಾರನಿಗೆ ಇನ್ನೊಂದಿಲ್ಲವೆಂದು ನನಗೆ ಆಗಲೇ ತಿಳಿದದ್ದು.

ತೊಂಬತ್ತರ ದಶಕದ ಕೊನೆಯ ಮಾತು. ನಾವು ಅಮೆರಿಕದ ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಮೈಸೂರಿನವನು, ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸ. ಹೆಂಡತಿ ಗಿರಿಜಾ ಧಾರವಾಡದವಳು, ಅಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು. ಇಲ್ಲಿ ಅವಳ ವೀಸಾದ ಮೇಲೆ ಕೆಲಸ ಮಾಡುವಂತಿರಲಿಲ್ಲ. ಲೈಬ್ರರಿಯ ಪುಸ್ತಕಗಳನ್ನೆಲ್ಲ ಮುಗಿಸಿ, ಡ್ರೈವಿಂಗ್ ಕಲಿತು, ಪಕ್ಕದ ಮನೆಯವರಿಗೂ ಕಲಿಸಿ, ಇನ್ನೇನು ಮಾಡುವುದೆಂದು ಕಿಟಕಿಯ ಬಳಿ ಕೂತಿದ್ದಳು. ಅಷ್ಟರಲ್ಲಿ ನನ್ನ ಹಳೆಯ ಸಹಪಾಠಿ ಸುರೇಶ ಜಾರ್ಜಿಯಾದ ಲಾರೆನ್ಸ್‌ವಿಲ್‌ನಿಂದ ಫೋನ್ ಮಾಡಿದ. "ಲೋ, ಒಂದು ಗೇಮ್ ಬಂದಿದೆ ಕಣೋ. ಇಂಟರ್‌ನೆಟ್‌ನಲ್ಲಿ ಎಲ್ಲಾರೂ ಒಂದೇ ರಾಜ್ಯದಲ್ಲಿ ಇರ್ತೀವಿ. ನೀನೂ ಜಾಯಿನ್ ಆಗು, ಟೀಮ್ ಮಾಡೋಣ."

ಆಟ ಶುರುವಾಗುವ ಮುಂಚೆ ನಮ್ಮ ಪಾತ್ರವನ್ನು ನಾವೇ ಕಟ್ಟಿಕೊಳ್ಳಬೇಕು. ಯೋಧ, ವೈದ್ಯ, ಮಂತ್ರವಾದಿ, ಬೇಟೆಗಾರ ಎಂಬ ಸಿದ್ಧ ಕ್ಲಾಸುಗಳಿವೆ. ಬೇಡವೆಂದರೆ ನಮಗೆ ಕೊಟ್ಟ ಪಾಯಿಂಟುಗಳನ್ನು ಬೇಕಾದ ವಿದ್ಯೆಗಳಿಗೆ ನಾವೇ ಹಂಚಬಹುದು. ನಾನು ಬಿ.ಎಸ್ಸಿ. ಪರೀಕ್ಷೆಗೆ ಒಂದೇ ಅಧ್ಯಾಯ ಉರುಹೊಡೆದು ಹೋದ ಮನುಷ್ಯ. ಇಲ್ಲೂ ಯೋಧನಾಗಿ, ಅಷ್ಟೂ ಪಾಯಿಂಟನ್ನು ಕತ್ತಿಗೆ ಸುರಿದೆ. 'ಖಡ್ಗಸಿಂಹ' ಎಂದು ಹೆಸರಿಟ್ಟೆ. ಅಮೆರಿಕನ್ನರಿಗೆ ಆ ಹೆಸರು ಟೈಪ್ ಮಾಡಲು ಬರಲೇ ಇಲ್ಲ, ಆದ್ದರಿಂದ ಆಪತ್ತಿನಲ್ಲಿ ಯಾರೂ ನನ್ನನ್ನು ಕೂಗುತ್ತಿರಲಿಲ್ಲ. ಗಿರಿಜಾ ಹಿಂದೆ ನಿಂತು ನೋಡುತ್ತಿದ್ದವಳು ವಾರದೊಳಗೆ ತಾನೂ ಸೇರಿದಳು. ಮನೆಗೆ ಎರಡನೇ ಕಂಪ್ಯೂಟರು, ಆಗ ಇಂಟರ್‌ನೆಟ್ ಫೋನಿನ ತಂತಿಯಲ್ಲೇ ಬರುತ್ತಿದ್ದರಿಂದ ಎರಡನೇ ಫೋನ್ ಲೈನು ಬಂದವು. ಕೆಳಗಿನ ಮನೆಯವರು ನಾವೇನೋ ಗುಟ್ಟಿನ ವ್ಯಾಪಾರ ಮಾಡುತ್ತಿದ್ದೇವೆಂದು ತಿಳಿದರು.

ಅವಳು ತನ್ನ ಹೆಸರನ್ನೇ ಇಟ್ಟುಕೊಂಡಳು. ಪಾಯಿಂಟುಗಳನ್ನು ಮಾತ್ರ ಸ್ವಲ್ಪ ಗಾಯಕ್ಕೆ ಮದ್ದು ಹಾಕುವುದಕ್ಕೆ, ಸ್ವಲ್ಪ ಪ್ರಾಣಿ ಪಳಗಿಸುವುದಕ್ಕೆ, ಸ್ವಲ್ಪ ಮರೆಯಲ್ಲಿ ಅಡಗುವುದಕ್ಕೆ, ಉಳಿದದ್ದನ್ನು ಅಡುಗೆಗೆ ಹಂಚಿದಳು. ಸುರೇಶನಿಗೆ ತಲೆಕೆಟ್ಟಿತು. "ಗಿರಿಜಾ ಅವ್ರಿಗೆ ಹೇಳೋ, ಅದು ಯಾವ ಕ್ಲಾಸೂ ಅಲ್ಲ. ಫುಲ್ ವೇಸ್ಟು. ರಿಸ್ಟಾರ್ಟ್ ಮಾಡಕ್ಕೆ ಹೇಳು." ನಾನು ಹೇಳಿದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, "ನನಗೊಂದ ಕೆಲಸ ಬರೂದಿಲ್ರೀ, ನಾಕು ಬರತಾವ. ಹಂಗ ಇರಲಿ ಬಿಡ್ರಿ," ಎಂದಳು.

ಒಂದು ಶನಿವಾರ ಮಧ್ಯಾಹ್ನ ನಾವು ಏಳು ಜನ ಒಂದು ಗುಹೆಗೆ ನುಗ್ಗಿದೆವು. ಒಳಗೆ ಲಾರಿಯಷ್ಟು ದೊಡ್ಡ ಹಲ್ಲಿ. ಆರು ಜನ ಯೋಧರು ಆರು ಕತ್ತಿ ಎತ್ತಿದೆವು, ಐದು ನಿಮಿಷದಲ್ಲಿ ಆರು ಜನವೂ ನೆಲಕ್ಕೆ ಬಿದ್ದೆವು. ಪರದೆ ಬೂದಿಬಣ್ಣವಾಯಿತು. ಆದರೆ ಒಳಕೋಣೆಯಿಂದ ಗಿರಿಜೆಯ ಕೀಬೋರ್ಡಿನ ಸದ್ದು ನಿಲ್ಲಲಿಲ್ಲ. ಎದ್ದು ಹೋಗಿ ನೋಡಿದೆ. ಅವಳು ಬಂಡೆಯ ಮರೆಯಲ್ಲಿ ಅಡಗಿದ್ದಳು. ತಾನು ಪಳಗಿಸಿದ ತೋಳವನ್ನು ಹಲ್ಲಿಯ ಮುಂದೆ ಓಡಿಸಿ, ದಾರಿಯುದ್ದಕ್ಕೂ ತಾನೇ ಬೇಯಿಸಿದ ಮಾಂಸದ ತುಂಡು ಎಸೆಯುತ್ತ (ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವಳು!) ಹಲ್ಲಿಯನ್ನು ಗುಹೆಯಾಚೆ ಕಳಿಸಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆಮೇಲೆ ಬಂದು ಒಬ್ಬೊಬ್ಬರಿಗೂ ಮದ್ದು ಹಾಕಿ ಎಬ್ಬಿಸಿದಳು. ನನ್ನನ್ನು ಕೊನೆಗೆ ಎಬ್ಬಿಸಿದಳು. "ಮನೀ ಮಂದಿ ಆಮ್ಯಾಲೆ ಉಣತಾರಲ್ರೀ, ಹಂಗ," ಎಂದಳು.

ಅಂದಿನಿಂದ ಅವಳು ಆ ರಾಜ್ಯದಲ್ಲೆಲ್ಲ ಪ್ರಸಿದ್ಧಳಾದಳು. ಎಲ್ಲಿಂದೆಲ್ಲಿಂದಲೋ ಜನ ಕರೆಯುವವರು. ಅವಳ ಹಾಗೆಯೇ ಪಾಯಿಂಟು ಹಂಚಿಕೊಂಡ ಗಿರಿಜೆಯರು ಹತ್ತಾರು ಹುಟ್ಟಿಕೊಂಡರು. ಕತ್ತಿ ಹಿಡಿದವರನ್ನು ಕೇಳುವವರಿಲ್ಲ. ನನಗೆ ಹೆಮ್ಮೆಯಾಯಿತು. ಹೊಟ್ಟೆಯೂ ಉರಿಯಿತು. ಒಂದು ದಿನ ಆಫೀಸಿನಲ್ಲಿ ಊಟದ ವೇಳೆಯಲ್ಲಿ, ಆಟದ ಕಂಪನಿಯವರ ಚರ್ಚೆಯ ಪುಟದಲ್ಲಿ ಖಡ್ಗಸಿಂಹನ ಹೆಸರಿನಿಂದ ಬರೆದೆ: ಒಬ್ಬರೇ ಎಲ್ಲವನ್ನೂ ಮಾಡುವುದಾದರೆ ಒಂದೇ ವಿದ್ಯೆಗೆ ಜೀವ ತೇದವರ ಗತಿಯೇನು? ಕ್ಲಾಸುಗಳ ನಡುವೆ ಸಮತೋಲನ ಬೇಡವೇ? ಲೋಕದ ಸೋತ ಯೋಧರೆಲ್ಲ ನನ್ನ ಹಿಂದೆ ನಿಂತರು. ಕೆಲವು ವಾರಗಳಲ್ಲಿ ಕಂಪನಿಯವರು ನಿಯಮವನ್ನೇ ಬದಲಾಯಿಸಿದರು. ಪಳಗಿಸುವ, ಅಡಗುವ ವಿದ್ಯೆಗಳ ಬಲ ಅರ್ಧಕ್ಕಿಳಿಯಿತು. ಗಿರಿಜೆಯ ತೋಳ ಅವಳನ್ನೇ ಕಚ್ಚಿ ಓಡಿಹೋಯಿತು.

ಅವಳು ಯಾಕೆ ಹೀಗಾಯಿತೆಂದು ಹುಡುಕುತ್ತ ಹುಡುಕುತ್ತ ನನ್ನ ಬರಹಕ್ಕೇ ಬಂದಳು. ನಾನು ಸೋಫಾದ ಮೇಲೆ ಪೇಪರ್ ಅಡ್ಡ ಹಿಡಿದು ಕೂತಿದ್ದೆ.

"ಇದು ನೀವ ಬರದದ್ದೇನ್ರೀ?"

"ಹ್ಞೂಂ."

ಪೂರ್ತಿ ಓದಿದಳು. "ಛಲೋ ಬರದೀರಿ. ಮಾತೂ ಖರೇ ಅದ. ಎಲ್ಲಾರೂ ನನ್ನಂಗ ಆದ್ರ ಆಟ ಕಟ್ಟಿದಾವ್ರು ಏನ್ ಮಾಡಬೇಕು?" ಎಂದಳು. ಮತ್ತೆ, "ನನಗೊಂದ ಮಾತು ಹೇಳಿ ಬರೀಬೇಕಿತ್ತು, ಅಷ್ಟ," ಎಂದಳು. ಜಗಳವಾಡಿದ್ದರೆ ನಾನೂ ನಾಲ್ಕು ಮಾತಾಡಿ ಗೆದ್ದೆನೆಂದುಕೊಳ್ಳಬಹುದಿತ್ತು. ಆ 'ಅಷ್ಟ' ಮಾತ್ರ ಇಂದಿಗೂ ನನ್ನ ಕಿವಿಯಲ್ಲಿ ಉಳಿದಿದೆ.

ಮರುದಿನದಿಂದ ಗೆರೆಹಾಳೆಯ ಒಂದು ನೋಟ್‌ಬುಕ್ಕಿನಲ್ಲಿ ಪ್ರಯೋಗಶಾಲೆಯ ಹಾಗೆ ಪಟ್ಟಿ ಹಾಕಿದಳು. ಯಾವ ವಿದ್ಯೆಗೆ ಎಷ್ಟು ಪಾಯಿಂಟು ಹಾಕಿದರೆ ಮೊಲ ಏನು ಮಾಡುತ್ತದೆ, ಕರಡಿ ಏನು ಮಾಡುತ್ತದೆ, ಎಲ್ಲ ಬರೆದಳು. ಅಡಗುವುದನ್ನು ಬಿಟ್ಟು ಸಂಗೀತ ಕಲಿತಳು. ವೀಣೆಯಂಥದೊಂದು ವಾದ್ಯ ನುಡಿಸಿದರೆ ಕಾಡುಮೃಗಗಳು ಜಗಳ ಮರೆತು ನಿಲ್ಲುತ್ತಿದ್ದವು. ಆ ಆಟ ಕಟ್ಟಿದವರಿಗೂ ಹೊಳೆಯದ ದಾರಿಯೊಂದನ್ನು ನನ್ನ ಹೆಂಡತಿ ಅಡುಗೆಮನೆಯ ಪಕ್ಕದಲ್ಲಿ ಕೂತು ಕಂಡುಹಿಡಿದದ್ದನ್ನು ನಾನು ಕಣ್ಣಾರೆ ನೋಡಿದೆ. ಸುರೇಶನೇ ಫೋನ್ ಮಾಡಿ, "ಗಿರಿಜಾ ಅವ್ರೇ, ನಂಗೂ ಸ್ವಲ್ಪ ಹೇಳ್ಕೊಡಿ. ನಾನೂ ರಿಸ್ಟಾರ್ಟ್ ಮಾಡ್ತೀನಿ," ಎಂದ.

ನನ್ನ ಗತಿ ಕೇಳಿ. ಸಮತೋಲನವೆಂದ ಮೇಲೆ ಕಂಪನಿಯವರು ಕತ್ತಿಯನ್ನೂ ಬಿಡಲಿಲ್ಲ, ಅದರ ಬಲವನ್ನೂ ಕತ್ತರಿಸಿದ್ದರು. ಖಡ್ಗಸಿಂಹನಿಂದ ಒಂದು ಜಿಂಕೆಯೂ ಸಾಯುತ್ತಿರಲಿಲ್ಲ. ಗಿರಿಜೆಯೇ ಕರುಣೆಯಿಂದ ತನ್ನ ತಂಡದಲ್ಲಿ ಸಾಮಾನು ಹೊರುವ ಕೆಲಸ ಕೊಟ್ಟಳು. ಒಮ್ಮೆ ತಂಡಕ್ಕೆ ಬಂದ ಹೊಸಬನೊಬ್ಬ ಎಲ್ಲರ ಕ್ಲಾಸು ವಿಚಾರಿಸುತ್ತ ನನ್ನ ಮುಂದೆ ನಿಂತ. ನನ್ನ ಬೆನ್ನ ಮೇಲೆ ಹಂಡೆ, ಹಿಟ್ಟಿನ ಮೂಟೆ, ಸೌದೆಯ ಹೊರೆ.

"ನಿನ್ನದು ಯಾವ ಕ್ಲಾಸು?" ಎಂದು ಕೇಳಿದ.

"ಗಿರಿಜೆಯ ಗಂಡ," ಎಂದು ಟೈಪ್ ಮಾಡಿದೆ.

ಅವನು, "ಪಟ್ಟಿಯಲ್ಲಿ ಆ ಕ್ಲಾಸು ನಾನು ನೋಡಲೇ ಇಲ್ಲವಲ್ಲ. ಅದಕ್ಕೆ ಎಷ್ಟು ಪಾಯಿಂಟು ಬೇಕು?" ಎಂದ.

ಒಂದೂ ಬೇಕಿಲ್ಲವೆಂದು ಬರೆದೆ.