ಸತ್ತ ಪೆಟ್ಟಿಗೆಯ ಕರೆಂಟು

ಸಾಂತಾಕ್ರೂಜ್‌ನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಹೆಣದ ಕೋಣೆಗೆ ಒತ್ತಿಕೊಂಡಂತೆ ನಮ್ಮ ಫಿಸಿಯೋಥೆರಪಿ ವಿಭಾಗವಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ನಾನಲ್ಲಿ ಕೆಲಸಕ್ಕೆ ಸೇರಿದಾಗ, ದೆವ್ವ ಕಾಡುವುದಿದ್ದರೆ ಪಕ್ಕದ ಕೋಣೆಯಿಂದಲೇ ಬರಬೇಕು ಅಂದುಕೊಂಡಿದ್ದೆ. ಪಕ್ಕದವರು ಪಾಪ, ಒಂದು ದಿನವೂ ತೊಂದರೆ ಕೊಟ್ಟವರಲ್ಲ. ಮೈ ಜುಮ್ಮೆನ್ನಿಸುವುದೆಲ್ಲ ನಮ್ಮ ಕಡೆಯೇ, ಹಾಡಹಗಲೇ ನಡೆಯುತ್ತಿತ್ತು.

೧. ಇಲ್ಲದ ಹೆಬ್ಬೆರಳು

ಲೋಕಲ್ ಟ್ರೇನಿಗೆ ಸಿಕ್ಕಿ ಎಡಗಾಲು ಕಳೆದುಕೊಂಡ ಉಡುಪಿ ಕಡೆಯ ಮಾಸ್ತರರೊಬ್ಬರು ವ್ಯಾಯಾಮಕ್ಕೆ ಬರುತ್ತಿದ್ದರು. ಒಂದು ದಿನ ಮುಖ ಕಿವುಚಿಕೊಂಡು, "ಹೆಬ್ಬೆರಳು ತುರಿಸ್ತದೆ ಮಾರಾಯ್ತಿ, ಸ್ವಲ್ಪ ಕೆರೆದುಬಿಡು" ಎಂದರು.

"ಬಲಗಾಲಿನದ್ದಾ?"

"ಅಲ್ಲ, ಹೋದದ್ದು."

ಕಡಿದುಹೋದ ಕಾಲೂ ತುರಿಸುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಕೆರೆಯುವುದು ಹೇಗೆಂದು ಪುಸ್ತಕದಲ್ಲಿರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಅತ್ತಿತ್ತ ನೋಡಿ, ಕಾಲಿರಬೇಕಾದ ಕಡೆ ಗಾಳಿಯನ್ನೇ ಕೆರೆದೆ.

"ಅದಲ್ಲ, ಅದು ಕಿರುಬೆರಳು" ಎಂದರು.

೨. ಎರಡು ಪೆಟ್ಟಿಗೆ

ನಾನು ಗಾಳಿ ಕೆರೆದು ಮಾಸ್ತರರ ತುರಿಕೆ ಹೋದದ್ದನ್ನು ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು ನೋಡಿಬಿಟ್ಟಿದ್ದರು. ಬೈಯಲಿಲ್ಲ. "ಗಾಳಿ ಕೆರೆದರೂ ಗುಣವಾಗುತ್ತೆ ಅಂದಮೇಲೆ ಹೊಸ ಮಶೀನನ್ನ ನಂಬೋದು ಹೇಗೆ? ಪರೀಕ್ಷೆ ಮಾಡೋಣ" ಎಂದರು.

ಹೊಸ ಮಶೀನು ಅಂದರೆ ಸಣ್ಣಗೆ ಕರೆಂಟು ಬಿಡುವ ಪೆಟ್ಟಿಗೆ. ನೋವಿಗೂ ನರಕ್ಕೂ ಅದೇ ಮದ್ದೆಂದು ಮಾರಲು ಬಂದವನು ಹೇಳಿದ್ದ. ಒಂದೇ ಥರದ ಎರಡು ಪೆಟ್ಟಿಗೆ ಇಟ್ಟೆವು. ಎರಡರಲ್ಲೂ ಕೆಂಪು ದೀಪ, ಗುಂಯ್ ಸದ್ದು. ಒಂದರ ಒಳಗೆ ಮಾತ್ರ ತಂತಿ ಬಿಚ್ಚಿಟ್ಟದ್ದು, ಕರೆಂಟು ಮೈಗೆ ಬರುವುದಿಲ್ಲ. ಯಾರಿಗೆ ಯಾವುದೆಂದು ಚೀಟಿ ಎತ್ತುವುದು, ರೋಗಿಗೆ ಹೇಳುವಂತಿಲ್ಲ.

ಸತ್ತ ಪೆಟ್ಟಿಗೆ ಮೊದಲು ಬಂದದ್ದು ಮಂಡಿನೋವಿನ ಮರಾಠಿ ಅಜ್ಜಿಗೆ. ಹಚ್ಚಿದ ಕೂಡಲೇ, "ಸುಡ್ತದೆ, ಕಮ್ಮಿ ಮಾಡು" ಅಂದರು. ನೋಡಿದರೆ ಮಂಡಿಯ ಮೇಲೆ ರೂಪಾಯಿ ಅಗಲದ ಕೆಂಪು ಗುರುತು. ಪ್ಲಗ್ಗನ್ನೇ ಕಿತ್ತೆ.

"ಈಗ ಹದವಾಯ್ತು, ಹೀಗೇ ಇರಲಿ" ಎಂದು ಅಜ್ಜಿ ಕಣ್ಣು ಮುಚ್ಚಿದರು.

೩. ವಾಯರ್‌ಮನ್

ಸತ್ತ ಪೆಟ್ಟಿಗೆಯ ಇನ್ನೊಂದು ಚೀಟಿ ವಿಜಾಪುರ ಕಡೆಯ ಒಬ್ಬ ವಾಯರ್‌ಮನ್‌ಗೆ ಬಂತು. ಜೋಗೇಶ್ವರಿಯಲ್ಲಿ ಏಳುತ್ತಿದ್ದ ಬಿಲ್ಡಿಂಗಿನಲ್ಲಿ ಕೆಲಸ. ತೋಳನ್ನು ಮೈಯಡಿಗೆ ಹಾಕಿಕೊಂಡು ಹಲಗೆಯ ಮೇಲೆ ಮಲಗಿದ್ದವನು ಏಳುವಾಗ ನರ ಒತ್ತಿಹೋಗಿ ಬಲ ಮಣಿಕಟ್ಟು ಜೋತುಬಿದ್ದಿತ್ತು.

"ಕೈ ಏಳಲಿಲ್ಲಂದ್ರ ತಂತಿ ತಿರುವೂ ಪಕ್ಕಡ್ ಹಿಡಿಯೂದು ಹ್ಯಾಂಗ್ರಿ ಅಕ್ಕಾರ? ಕೆಲಸಾ ಮಾಡಸೂ ಮುಕಾದಮ ಹದಿನೈದು ದಿನ ಅಂದಾನ. ಆಮ್ಯಾಲ ಬ್ಯಾರೆಯವರನ್ನ ಕೆಲಸಕ್ಕ ಹಚ್ಚಕೋತಾನ."

ದಿನಾ ಸತ್ತ ಪೆಟ್ಟಿಗೆ ಹಚ್ಚಿ, "ಬರ್ತಿದೆಯಾ ಕರೆಂಟು?" ಎಂದು ಕೇಳುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಹನ್ನೊಂದು ದಿನ ಕಳೆದರೂ ಕೈ ಪಕ್ಕದ ಕೋಣೆಯವರ ಕೈಯ ಹಾಗೇ ಬಿದ್ದಿತ್ತು.

ಹನ್ನೆರಡನೆಯ ದಿನ ಪೆಟ್ಟಿಗೆ ಗುಂಯ್ ಎಂದದ್ದೇ ತಡ, ಮಣಿಕಟ್ಟು ಮೆಲ್ಲಗೆ ಮೇಲೆದ್ದಿತು. ಒಂದು ಕ್ಷಣ ಗಾಳಿಯಲ್ಲಿ ನಿಂತು, ಐದೂ ಬೆರಳು ಬಿಚ್ಚಿತು. ಓಡಿಹೋಗಿ ಡಾಕ್ಟರನ್ನು ಕರೆತಂದೆ. ಅವರು ತಂತಿ ಮುಟ್ಟಿ ಸರ್ರನೆ ಕೈ ಹಿಂದೆಗೆದರು. "ಇದರಲ್ಲಿ ಕರೆಂಟಿದೆಯಲ್ಲಮ್ಮ" ಎಂದರು. ಅವರ ದನಿಯೇ ಬದಲಾಗಿತ್ತು.

"ಇರಲೇಬೇಕಲ್ಲರಿ" ಎಂದ ವಾಯರ್‌ಮನ್. "ಒಳಗ ತಂತಿ ಬಿಚ್ಚಿತ್ತು. ಪಾಪ, ಅಕ್ಕಾರಿಗೆ ಗೊತ್ತಿಲ್ಲ, ದಿನಾ ಬರ್ತದೇನು ಬರ್ತದೇನು ಅಂತ ಕೇಳ್ತಾರ. ನಿನ್ನಿ ಹಚ್ಚೂದು ಮುಗಿದ ಮ್ಯಾಲ ಅವರು ಚಹಾಕ್ಕ ಹೋದಾಗ ಪಕ್ಕಡ್ ತಗದು ಜೋಡಿಸಿಬಿಟ್ಟೆ."

"ಪಕ್ಕಡ್ ಹಿಡಿದದ್ದು ಯಾವ ಕೈಯಲ್ಲಿ?" ಎಂದೆ.

"ಎಡಗೈಯಾಗ ಪೆಟ್ಟಿಗಿ ಹಿಡಿದಿದ್ದೆ. ಅಂದ್ರ ಪಕ್ಕಡ್..." ಎಂದವನು ತನ್ನ ಬಲಗೈಯನ್ನು ಬೇರೆ ಯಾರದ್ದೋ ಕೈ ನೋಡುವಂತೆ ನೋಡುತ್ತಾ ಕೂತ.

ಕರೆಂಟು ಬರುವ ಮೊದಲೇ ಆ ಕೈ ಎದ್ದು ತನ್ನ ಕೆಲಸ ಮಾಡಿ ಮುಗಿಸಿತ್ತು. ಸೋಮವಾರ ಅವನು ಜೋಗೇಶ್ವರಿಗೆ ಕೆಲಸಕ್ಕೆ ಹೋದ.

ಅವನ ಕಾಗದದಲ್ಲಿ 'ಕೊಟ್ಟ ಚಿಕಿತ್ಸೆ' ಎಂಬ ಜಾಗದೆದುರು ಡಾಕ್ಟರು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು. ಕೊನೆಗೆ ಬರೆದರು: 'ಪೆಟ್ಟಿಗೆ ರಿಪೇರಿ.'